ಬಿಟ್ಟು ಓದಿದ ಸಾಲು

ಹೋದ ತಿಂಗಳು ಒಂದು ಭಾನುವಾರದ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮದುವೆಯ ಲಗ್ನಪತ್ರಿಕೆ ಕೊಡಲು ಆರ್.ಟಿ. ನಗರದ ನಮ್ಮ ಮನೆಗೆ ಬಂದಿದ್ದ. ಬಿ.ಕಾಂ. ತರಗತಿಯಲ್ಲಿ ಎರಡು ವರ್ಷ ನನ್ನ ಕನ್ನಡ ಪಾಠ ಕೇಳಿದವನು. ಕೇಳಿದನೆನ್ನುವುದಕ್ಕಿಂತ ಕಿಟಕಿಯ ಪಕ್ಕದಲ್ಲಿ ಕುಳಿತು ಸಹಿಸಿದನೆಂದರೆ ಹೆಚ್ಚು ಸರಿಯಾದೀತು. ಈಗ ನಾಗವಾರದ ಬಳಿಯ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಅವನಿಗೆ ಕೆಲಸ. ಯೂರೋಪಿನ ಒಂದು ದೊಡ್ಡ ಕಂಪನಿಯ ಲೆಕ್ಕಪತ್ರಗಳನ್ನು ಇಲ್ಲಿ ಕುಳಿತು ನೋಡಿಕೊಳ್ಳುವುದು. ಮದುವೆಯ ಮಾತು, ಛತ್ರದ ಬಾಡಿಗೆಯ ಮಾತು, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಕಳೆದುಹೋಗುವ ಆಯುಷ್ಯದ ಮಾತು ಎಲ್ಲ ಮುಗಿದ ಮೇಲೆ ಅವನು ಕಾಫಿಯ ಲೋಟವನ್ನು ಕೈಯಲ್ಲೇ ಇಟ್ಟುಕೊಂಡು ಒಂದು ಸಂಗತಿ ಹೇಳಿದ.

ಕೆಲವು ವರ್ಷಗಳ ಹಿಂದೆ ಅವನನ್ನು ಆರು ವಾರ ಜರ್ಮನಿಗೆ ಕಳುಹಿಸಿದ್ದರು. ಅಲ್ಲಿನ ಕಚೇರಿಯಲ್ಲಿ ಒಬ್ಬರು ಮಾಡುತ್ತಿದ್ದ ಕೆಲಸವನ್ನು ಕಲಿತುಕೊಂಡು ಬರಬೇಕು. ಕಲಿತು ಬಂದ ಮೇಲೆ ಆ ಕೆಲಸ ಬೆಂಗಳೂರಿನಲ್ಲಿ ನಡೆಯುವುದು, ಅಲ್ಲಿ ನಿಲ್ಲುವುದು. ಕಲಿಸಬೇಕಾದವರಿಗೆ 58 ವರ್ಷ. ತಾವು ಯಾರಿಗೆ ಏತಕ್ಕೆ ಕಲಿಸುತ್ತಿದ್ದೇವೆಂಬುದು ಅವರಿಗೂ ಗೊತ್ತು, ಇವನಿಗೂ ಗೊತ್ತು. “ಏನೂ ಮುಚ್ಚಿಡಲಿಲ್ಲ ಸಾರ್. ಮಗನಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟರು. ಒಂದು ದಿನ ಮನೆಗೆ ಕರೆದು ಊಟ ಹಾಕಿದರು” ಎಂದ. ನಾಲ್ಕನೆಯ ವಾರದ ಒಂದು ಶನಿವಾರ, ಇವನು ಇಳಿದುಕೊಂಡಿದ್ದ ಹೋಟೆಲಿನ ಮುಂದೆ ಒಂದು ಮೆರವಣಿಗೆ ಬಂತು. ಅದೇ ಕಂಪನಿಯ ನೌಕರರದು. ಪಕ್ಕದ ಎರಡು ದೇಶಗಳ ಶಾಖೆಗಳಿಂದಲೂ ಜನ ಬಸ್ಸುಗಳಲ್ಲಿ ಬಂದು ಸೇರಿದ್ದರು. ಇವನು ಕೆಳಗಿಳಿದು ಬಂದು ಫುಟ್‌ಪಾತಿನ ಮೇಲೆ ನಿಂತ. ಒಬ್ಬ ಹೆಂಗಸು ನಕ್ಕು ಕೈಗೊಂದು ಕರಪತ್ರ ಕೊಟ್ಟಳು. ಅಲ್ಲಿ ನಿಂತಿರಬೇಕೋ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೋ, ಎರಡು ಹೆಜ್ಜೆ ಅವರ ಜೊತೆಗೆ ನಡೆಯಬೇಕೋ ತಿಳಿಯಲಿಲ್ಲವಂತೆ.

“ನಾನು ಏನು ಮಾಡಬೇಕಿತ್ತು ಸಾರ್?”

ಹಳಗನ್ನಡದ ಕಠಿಣ ಪದಗಳಿಗೆ ಅರ್ಥ ಹೇಳಿ ರೂಢಿಯಾದ ನನ್ನಂಥವನಿಗೆ ಇಂಥ ಪ್ರಶ್ನೆಗಳು ಬಂದಾಗ ಎಲ್ಲಿ ನಿಘಂಟು ತೆಗೆಯಬೇಕೆಂಬುದೇ ತೋರುವುದಿಲ್ಲ. ಅಂದು ಏನೋ ಹೇಳಿ ಸುಮ್ಮನಾದೆ. ಪ್ರಶ್ನೆ ಮಾತ್ರ ಮನೆಯಲ್ಲೇ ಉಳಿದುಕೊಂಡಿತು.

ಕೆಲಸ ಕಳೆದುಕೊಂಡವರು, ಕಳೆದುಕೊಳ್ಳಲಿರುವವರು ಏಕೆ ನಡೆಯುತ್ತಾರೆ ಎಂಬುದನ್ನು ಮೊದಲು ಯೋಚಿಸಬೇಕು. ಮುಷ್ಕರ ಹೂಡಲು ಕೈಯಲ್ಲಿ ಕೆಲಸವಿರಬೇಕು. ಇರುವ ಕೆಲಸವನ್ನು ನಿಲ್ಲಿಸಿದಾಗಲಷ್ಟೇ ಅದರ ಬೆಲೆ ಯಜಮಾನನಿಗೆ ತಿಳಿಯುವುದು. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ 77 ದಿನಗಳ ಕಾಲ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ಕಾರ್ಮಿಕರು ಮುಷ್ಕರ ಹೂಡಿದಾಗ ಜಾಲಹಳ್ಳಿಯ ಎಚ್.ಎಂ.ಟಿ.ಯವರೂ ಅದರಲ್ಲಿದ್ದರು, ಆಗ ಅವರ ಕೈ ನಿಂತರೆ ಯಂತ್ರ ನಿಲ್ಲುತ್ತಿತ್ತು. ಅದೇ ಎಚ್.ಎಂ.ಟಿ.ಯ ಗಡಿಯಾರದ ಕಾರ್ಖಾನೆಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆಯಿತ್ತಾಗ ಅಲ್ಲಿ ಉಳಿದಿದ್ದವರು ಏನನ್ನು ನಿಲ್ಲಿಸಿಯಾರು? ಯಂತ್ರ ಆಗಲೇ ನಿಂತಿತ್ತು. ಕೆಲಸವಿಲ್ಲದವನಿಗೆ ಉಳಿಯುವುದು ಕಾಲುಗಳು ಮಾತ್ರ. ಮೇಲಾಗಿ ನಿರುದ್ಯೋಗವೆಂಬುದು ಮನೆಯೊಳಗೆ ಬಚ್ಚಿಟ್ಟುಕೊಳ್ಳುವ ಕಷ್ಟ. ಬರ ಬಂದರೆ ಊರಿಗೆಲ್ಲ ಬರುತ್ತದೆ, ಕೆಲಸ ಹೋದರೆ ಒಬ್ಬನದು ಹೋಗುತ್ತದೆ; ತಪ್ಪು ಅವನದೇ ಇರಬೇಕೆಂದು ನೆಂಟರಿಗೆಲ್ಲ ಅನುಮಾನ. ಕೆಲಸವಿಲ್ಲದ ಬಡಗಿ ಏನನ್ನು ಕೆತ್ತಿದನೆಂಬ ಗಾದೆ ವಾಚಕರಿಗೆ ಗೊತ್ತು. ಪತ್ರಿಕೆಯಲ್ಲಿ ಅದನ್ನು ಪೂರ್ತಿಯಾಗಿ ಬರೆಯುವಂತಿಲ್ಲ. ನಮ್ಮ ಭಾಷೆಯಲ್ಲಿ ‘ಕೆಲಸವಿಲ್ಲದವನು’ ಎಂಬುದು ಒಂದು ಸ್ಥಿತಿಯ ಹೆಸರಲ್ಲ, ಬೈಗುಳ. ಆ ನಾಚಿಕೆಯನ್ನು ಬೀದಿಗೆ ತಂದು, ಇದು ನನ್ನೊಬ್ಬನದಲ್ಲ ಎಂದು ತೋರಿಸುವುದಕ್ಕೆ ನಡಿಗೆಗಿಂತ ಬೇರೆ ಉಪಾಯ ಕಾಣೆ.

ಇಂಗ್ಲೆಂಡಿನ ಜಾರೋ ಎಂಬ ಊರಿನ 200 ಮಂದಿ 1936ರ ಅಕ್ಟೋಬರಿನಲ್ಲಿ ಹೀಗೆಯೇ ನಡೆದರು. ಊರಿಗೆ ಅನ್ನ ಕೊಡುತ್ತಿದ್ದ ಹಡಗು ಕಟ್ಟುವ ಕಾರ್ಖಾನೆ ಮುಚ್ಚಿಹೋಗಿತ್ತು. 11,000ಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯನ್ನು ಮರದ ಪೆಟ್ಟಿಗೆಯಲ್ಲಿಟ್ಟುಕೊಂಡು ಸುಮಾರು 300 ಮೈಲಿ ನಡೆದು ಲಂಡನ್ನಿಗೆ ಬಂದರು. ಪ್ರಧಾನಿ ಬಾಲ್ಡ್‌ವಿನ್ ಅವರನ್ನು ಕಾಣಲೊಪ್ಪಲಿಲ್ಲ. ಹಿಂದಿರುಗಿ ಹೋದಾಗ ಅವರ ನಿರುದ್ಯೋಗ ಭತ್ಯೆಯನ್ನೂ ಕಡಿದಿದ್ದರು: ನಡೆಯುತ್ತಿದ್ದ ದಿನಗಳಲ್ಲಿ ಕೆಲಸವೇನಾದರೂ ಸಿಕ್ಕಿದ್ದರೆ ನೀವು ಕೈಗೆ ಸಿಗುತ್ತಿರಲಿಲ್ಲವಲ್ಲ, ಎಂಬುದು ಕಾರಣ. ಸರ್ಕಾರಿ ಕಚೇರಿಗಳ ತರ್ಕ ಎಲ್ಲ ದೇಶಗಳಲ್ಲೂ ಒಂದೇ ಗುರುಕುಲದಲ್ಲಿ ಕಲಿತದ್ದು.

ಜಾರೋದವರಿಗೆ ಒಂದು ಅನುಕೂಲವಿತ್ತು. ತಮ್ಮ ಅನ್ನದ ಕೀಲಿಕೈ ಲಂಡನ್ನಿನಲ್ಲಿದೆ ಎಂದು ಅವರಿಗೆ ತಿಳಿದಿತ್ತು, ರಸ್ತೆ ನೇರವಾಗಿತ್ತು. ಅರುವತ್ತು ವರ್ಷಗಳ ಮೇಲೆ ಆ ಕೀಲಿಕೈ ಯಾವ ರಾಜಧಾನಿಯಲ್ಲೂ ಇರಲಿಲ್ಲ. 1997ರ ಫೆಬ್ರವರಿಯಲ್ಲಿ ರೆನೋ ಮೋಟಾರು ಕಂಪನಿ ಬೆಲ್ಜಿಯಂನ ವಿಲ್ವೋರ್ಡಿನ ತನ್ನ ಕಾರ್ಖಾನೆಯನ್ನು ಮುಚ್ಚುವುದಾಗಿ ಸಾರಿತು. ಸುಮಾರು 3,100 ಜನರ ಕೆಲಸ. ತೀರ್ಮಾನವಾದದ್ದು ಪ್ಯಾರಿಸ್ಸಿನಲ್ಲಿ; ಬೆಲ್ಜಿಯಂ ಸರ್ಕಾರಕ್ಕೆ ಅದರಲ್ಲಿ ಮಾತೇ ಇಲ್ಲ. ಅಲ್ಲಿನ ಉತ್ಪಾದನೆ ಅದೇ ಕಂಪನಿಯ ಫ್ರಾನ್ಸಿನ ಮತ್ತು ಸ್ಪೇನಿನ ಕಾರ್ಖಾನೆಗಳಿಗೆ ಹೋಗುವುದಿತ್ತು. ನನಗೆ ಸೋಜಿಗವೆನಿಸುವ ಸಂಗತಿಯೆಂದರೆ ಮಾರ್ಚಿಯಲ್ಲಿ ಫ್ರಾನ್ಸ್ ಮತ್ತು ಸ್ಪೇನಿನ ರೆನೋ ಕಾರ್ಮಿಕರೂ ಬೆಲ್ಜಿಯಂನವರಿಗಾಗಿ ಕೆಲಸ ನಿಲ್ಲಿಸಿದರು, ಬ್ರಸೆಲ್ಸಿನ ಮೆರವಣಿಗೆಗೆ ಗಡಿಯಾಚೆಯಿಂದ ಬಂದು ಸೇರಿದರು. ಯಾರ ತಟ್ಟೆಗೆ ಇನ್ನೊಂದು ತುತ್ತು ಬೀಳುವುದಿತ್ತೋ ಅವರೇ ಆ ತುತ್ತು ಬೇಡವೆಂದು ಬಂದರೆ? ಅಷ್ಟು ದೂರ ಹೋಗುವುದು ಬೇಡ; ಆ ತುತ್ತು ಯಾರದೆಂದು ತಮಗೆ ಗೊತ್ತಿದೆಯೆಂದು ಹೇಳಲು ಬಂದರೆಂದು ಇಟ್ಟುಕೊಳ್ಳೋಣ. ಅದೂ ಸಣ್ಣ ಮಾತಲ್ಲ. ಕಾರ್ಖಾನೆ ಆ ವರ್ಷವೇ ಮುಚ್ಚಿತು.

ಅದೇ ವಸಂತದಲ್ಲಿ ಯೂರೋಪಿನ ನಿರುದ್ಯೋಗಿಗಳು ಇನ್ನೂ ದೊಡ್ಡದೊಂದು ನಡಿಗೆಗೆ ಹೊರಟರು. ಉತ್ತರದಲ್ಲಿ ಫಿನ್ಲೆಂಡಿನ ಹಿಮದ ನಾಡಿನಿಂದ, ಪೂರ್ವದಲ್ಲಿ ಯುದ್ಧ ಆಗತಾನೆ ಮುಗಿದಿದ್ದ ಸರಯೇವೋದಿಂದ, ದಕ್ಷಿಣದಲ್ಲಿ ಸಮುದ್ರದಾಚೆಯ ಟ್ಯಾಂಜಿಯರಿನಿಂದ ಬೇರೆಬೇರೆ ತಂಡಗಳು ಏಪ್ರಿಲಿನಲ್ಲಿ ಹೊರಟು, 1997ರ ಜೂನ್ 14ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂಡಿದಾಗ 50,000 ಜನ ಸೇರಿದ್ದರು. ಯೂರೋಪಿನ ಒಕ್ಕೂಟದ ನಾಯಕರು ಅದೇ ಊರಿನಲ್ಲಿ ಸಭೆ ಸೇರುವವರಿದ್ದರು. ಒಂದೇ ನಾಣ್ಯ ತರುವ ಸಲುವಾಗಿ ಎಲ್ಲ ಸರ್ಕಾರಗಳೂ ಖರ್ಚನ್ನು ಬಿಗಿ ಹಿಡಿದಿದ್ದ ಕಾಲ. ಒಕ್ಕೂಟದ ದೇಶಗಳಲ್ಲಿ ಕೆಲಸವಿಲ್ಲದವರು 1 ಕೋಟಿ 80 ಲಕ್ಷದಷ್ಟು. ಈ ನಡಿಗೆಯನ್ನು ಏರ್ಪಡಿಸಿದವರ ಕಷ್ಟವನ್ನು ನಾನು ಊಹಿಸಬಲ್ಲೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಎರಡು ವಿಭಾಗಗಳನ್ನು ಒಂದುಗೂಡಿಸಲು ಹೋಗಿ ಸೋತವನು ನಾನು. ಹತ್ತಾರು ಭಾಷೆ, ದಾರಿಯ ಪ್ರತಿ ಊರಿನಲ್ಲೂ ಮಲಗಲು ಜಾಗ, ಸಂಜೆಗೆ ಗಂಜಿ, ಜೇಬಿನಲ್ಲಿ ಕಾಸಿಲ್ಲದವರನ್ನೇ ಕಟ್ಟಿಕೊಂಡು ಹೋಗಬೇಕು. ಆದರೆ ಇವೆಲ್ಲ ದುಡಿಮೆಯಿಂದ ಬಗೆಹರಿಯುವ ಕಷ್ಟಗಳು. ಬಗೆಹರಿಯದ ಕಷ್ಟ ಇನ್ನೊಂದು. ಗಡಿಯ ಈಚೆಗಿರುವವನ ಸಂಕಟಕ್ಕೂ ಆಚೆಗಿರುವವನ ಸಂಕಟಕ್ಕೂ ಒಂದೇ ಬಾವುಟ ಸಾಲುವುದೆ? ಅದು ನನಗೆ ಗೊತ್ತಾದದ್ದು ಯೂರೋಪಿನಿಂದಲ್ಲ, ನಮ್ಮ ತಂದೆಯವರಿಂದ.

ನಮ್ಮದು ಯಲಹಂಕದಿಂದಾಚೆ, ದೊಡ್ಡಬಳ್ಳಾಪುರದ ದಾರಿಯಲ್ಲಿ ಒಂದು ಹಳ್ಳಿ. ರಾಗಿ, ಒಂದಿಷ್ಟು ಹಿಪ್ಪುನೇರಳೆ, ಎರಡು ಸೀಮೆ ಹಸು. ನಮ್ಮ ಡೈರಿಯ ಹಾಲು ಯಲಹಂಕದ ಮದರ್ ಡೈರಿಗೆ ಹೋಗುತ್ತಿತ್ತು. ತಂದೆಯವರ ಹೆಗಲ ಮೇಲೆ ರೈತ ಸಂಘದ ಹಸಿರು ಶಾಲಿತ್ತು. 1993ರ ಗಾಂಧಿ ಜಯಂತಿಯ ದಿನ ಬೆಂಗಳೂರಿನಲ್ಲಿ ನಡೆದ ರೈತರ ದೊಡ್ಡ ಸಮಾವೇಶಕ್ಕೆ ಲಾರಿಯಲ್ಲಿ ನಿಂತುಕೊಂಡು ಹೋಗಿ ಬಂದವರು. 1999ರಲ್ಲಿ, ನಾನು ಬಿ.ಎ. ಓದುತ್ತಿದ್ದಾಗ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರೈತರು ಯೂರೋಪಿಗೆ ಹೊರಡುತ್ತಾರೆಂಬ ಸುದ್ದಿ ಬಂತು. ಕರ್ನಾಟಕ ರಾಜ್ಯ ರೈತ ಸಂಘದವರೊಂದಿಗೆ ಉತ್ತರ ಭಾರತದ ರೈತರು, ಬೇರೆ ಬಡ ದೇಶಗಳವರು ಸೇರಿ 400ರಿಂದ 500 ಮಂದಿ. ಬಸ್ಸುಗಳಲ್ಲಿ ದೇಶದಿಂದ ದೇಶಕ್ಕೆ ಹೋಗುವುದು. ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲಲ್ಲಿ, ಬೀಜದ ಕಂಪನಿಗಳ ಬಾಗಿಲಲ್ಲಿ ನಿಲ್ಲುವುದು. ಕೊನೆಗೆ ಜೂನ್ 18ರಿಂದ ಜರ್ಮನಿಯ ಕೊಲೋನ್ ನಗರದಲ್ಲಿ ಸಭೆ ಸೇರುವ ಎಂಟು ಬಲಿಷ್ಠ ರಾಷ್ಟ್ರಗಳ ನಾಯಕರನ್ನು ಕಂಡು ಗಟ್ಟಿಯಾಗಿ ನಗುವುದು. ನಗುವುದೂ ಪ್ರತಿಭಟನೆಯ ಒಂದು ವಿಧಾನವೆಂದು ಜಗತ್ತಿಗೆ ತೋರಿಸಹೊರಟವರು ನಮ್ಮವರೆಂಬ ಹೆಮ್ಮೆ ನನಗೆ ಈಗಲೂ ಇದೆ. ಯೂರೋಪಿನ ನಿರುದ್ಯೋಗಿಗಳ ಮೆರವಣಿಗೆಗಳೂ ಅದೇ ಬೇಸಗೆಯಲ್ಲಿ ಅದೇ ಕೊಲೋನಿಗೆ ಬಂದವು, ಒಕ್ಕೂಟದ ನಾಯಕರ ಸಭೆಯ ಸಲುವಾಗಿ, ಮೇ ತಿಂಗಳ ಕೊನೆಗೆ. ಕೆಲಸವಿಲ್ಲದವನೂ ಬೆಲೆಯಿಲ್ಲದ ಬೆಳೆ ಬೆಳೆದವನೂ ಒಂದೇ ಊರಿನ ಕಲ್ಲುಹಾದಿಯನ್ನು ತುಳಿದರು. (ಹೆಬ್ಬಾಳದಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಕೃಷಿ ಪ್ರಯೋಗಕ್ಷೇತ್ರ ಪ್ರಾರಂಭವಾದದ್ದು 1899ರಲ್ಲಿ, ಅಲ್ಲಿಗೆ ಡಾ. ಲೇಮನ್ ಎಂಬ ವಿಜ್ಞಾನಿ ಹೊರದೇಶದಿಂದ ಬಂದಿದ್ದರು. ಸರಿಯಾಗಿ ನೂರು ವರ್ಷಕ್ಕೆ ನಮ್ಮ ರೈತರು ಆ ಕಡೆಗೆ ಹೊರಟರು, ಪಾಠ ಹೇಳುವುದಕ್ಕೆ.)

ತಂದೆಯವರು ಹೋಗಲಿಲ್ಲ. ದುಡ್ಡಿರಲಿಲ್ಲವೆಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಪಂಚಾಂಗ ನೋಡಿದವರೆಲ್ಲ ಊಹಿಸಬಹುದು. ಮೇ ಕೊನೆಯಿಂದ ಜೂನ್ 20ರವರೆಗೆ ಎಂದರೆ ರೋಹಿಣಿ, ಮೃಗಶಿರ ಮಳೆ. ನೇಗಿಲು ಹೂಡುವ ಹದ. ದೊಡ್ಡ ರಾಷ್ಟ್ರಗಳ ನಾಯಕರು ತಮ್ಮ ಸಭೆಗೆ ದಿನ ಗೊತ್ತುಮಾಡುವಾಗ ಯಾವ ಮಳೆ ನಕ್ಷತ್ರವನ್ನೂ ನೋಡುವುದಿಲ್ಲ. ಪ್ರತಿಭಟನೆ ಅವರ ದಿನವನ್ನೇ ಹಿಂಬಾಲಿಸಬೇಕು. ಹದದ ಕಾಲದಲ್ಲಿ ಹೊಲ ಬಿಟ್ಟು ತಿಂಗಳುಗಟ್ಟಲೆ ಹೋಗಬಲ್ಲ ರೈತ ಯಾರು? ಮನೆಯಲ್ಲಿ ತಮ್ಮನೋ ಆಳೋ ಇರುವವನು. ಹೋದವರೆಲ್ಲ ಅನುಕೂಲಸ್ಥರೇ ಎಂಬ ಟೀಕೆ ಆಗಲೇ ಕೇಳಿಬಂತು. ಅದರಲ್ಲಿ ಸ್ವಲ್ಪ ನಿಜವಿರಬಹುದು. ಆದರೆ ಬಡವನೇ ಬಂದು ತನ್ನ ಬಡತನವನ್ನು ಹೇಳಬೇಕೆಂಬ ನಿಯಮವನ್ನು ನಾವು ಬೇರೆ ಯಾವ ವಿಷಯದಲ್ಲೂ ಪಾಲಿಸುವುದಿಲ್ಲವಾದ್ದರಿಂದ ಆ ಟೀಕೆಯ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ.

ತಂದೆಯವರ ಆಕ್ಷೇಪಣೆ ಬೇರೆ. “ಅವರ ಮನೆ ಬಾಗಿಲಾಗೆ ನಿಂತ್ಕಂಡು ನಮ್ಮ ಕಷ್ಟ ಹೇಳಿದ್ರೆ ಅವರ್ಯಾಕಪ್ಪ ಕೇಳ್ತಾರೆ? ಅವರಿಗೇನು ಕಷ್ಟ ಇಲ್ವಾ?” ಎಂದರು.

ಪಕ್ಕದ ಹೋಬಳಿಯ ಒಬ್ಬರು ಹೋಗಿ ಬಂದರು. ಊರಿಗೆ ಬಂದ ವಾರಕ್ಕೆ ನಮ್ಮ ಜಗಲಿಯ ಮೇಲೆ ಕುಳಿತು ಎರಡು ಗಂಟೆ ಮಾತನಾಡಿದರು. ಬರೀ ಬ್ರೆಡ್ಡು ತಿಂದು ನಾಲಗೆ ಸತ್ತುಹೋದದ್ದು, ಶಾಲೆಯ ಹಜಾರಗಳಲ್ಲಿ ಮಲಗಿದ್ದು, ಪೋಲೀಸರ ಕುದುರೆಗಳ ಗಾತ್ರ. ಒಂದು ರಾತ್ರಿ ಜರ್ಮನಿಯ ಒಬ್ಬ ರೈತನ ಮನೆಯಲ್ಲಿ ಉಳಿದಿದ್ದರಂತೆ. ಅರುವತ್ತು ಹಸು. ಆದರೂ ಸಾಲ. ಮಗ ಬೇಸಾಯ ಬೇಡವೆಂದು ಪಟ್ಟಣ ಸೇರಿದ್ದಾನೆ. “ಅಲ್ಲಿ ರೈತನೂ ನಮ್ಮಂಗೇ ಸಾಲದಾಗವ್ನೆ ಕಣಣ್ಣ” ಎಂದರು.

ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅವನ ಹಾಲಿನ ಪುಡೀನ ಸರ್ಕಾರ ದುಡ್ಡು ಕೊಟ್ಟು ನಮ್ಮ ದೇಸಕ್ಕೆ ಕಳಿಸ್ತೈತಲ್ಲ, ಅದರಿಂದ ತಾನೆ ನಮ್ಮ ಹಾಲಿಗೆ ಹೊಡ್ತ. ಅದನ್ನ ನಿಲ್ಸಿ ಅಂತ ತಾನೆ ನೀವು ಹೋಗಿದ್ದು. ನಿಲ್ಸಿದ್ರೆ ಆ ರೈತ ಏನಾಯ್ತಾನೆ? ಕೇಳಿದ್ಯಾ?”

ಅವರು ತಲೆ ತುರಿಸಿಕೊಂಡರು. “ಇಲ್ಲ ಕಣಣ್ಣ. ಊಟ ಹಾಕಿದ್ರು. ಹೆಂಗೆ ಕೇಳೋದು?”

ಆ ವರ್ಷಗಳಲ್ಲಿ ಯೂರೋಪಿನ ಅಗ್ಗದ ಹಾಲಿನ ಪುಡಿ ನಮ್ಮ ಬಂದರುಗಳಿಗೆ ಬಂದಿಳಿಯುತ್ತಿದ್ದದ್ದು ನಿಜ. 2000ದಲ್ಲಿ ನಮ್ಮ ಸರ್ಕಾರ ಅದರ ಮೇಲಿನ ಸುಂಕವನ್ನು ಏರಿಸಬೇಕಾಯಿತು. ಒಬ್ಬನ ಸಹಾಯಧನ ಇನ್ನೊಬ್ಬನ ನಷ್ಟ. ಇಬ್ಬರೂ ಒಂದೇ ಊಟದ ಮೇಜಿನ ಎರಡು ಕಡೆ ಕುಳಿತು, ದೊಡ್ಡ ಕಂಪನಿಗಳನ್ನು ಒಂದೇ ದನಿಯಲ್ಲಿ ಬೈದು, ಆ ಒಂದು ಮಾತನ್ನು ಮಾತ್ರ ಆಡದೆ ಎದ್ದರು.

ನನ್ನ ವಿದ್ಯಾರ್ಥಿಯ ಕಥೆಯಲ್ಲಿ ಹೇಳದೆ ಉಳಿಸಿಕೊಂಡದ್ದೊಂದಿದೆ. ಶನಿವಾರ ಅವನ ಕೈಗೆ ಬಂದ ಕರಪತ್ರ ಜರ್ಮನ್ ಭಾಷೆಯಲ್ಲಿತ್ತು. ಸೋಮವಾರ ಕಚೇರಿಯಲ್ಲಿ ಅದನ್ನು ಆ ಹಿರಿಯರಿಗೆ ತೋರಿಸಿ, ಇದರಲ್ಲೇನಿದೆಯೆಂದು ಕೇಳಿದ. ಅವರು ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದಿ ಇಂಗ್ಲಿಷಿನಲ್ಲಿ ಹೇಳಿದರು. ಕೆಲಸ ತೆಗೆಯಬಾರದು; ತೆಗೆದರೆ ಇಷ್ಟು ಪರಿಹಾರ; ವಾರದ ಕೆಲಸದ ಅವಧಿ ಇಷ್ಟಕ್ಕೆ ಇಳಿಯಲಿ. ಓದಿ ಮಡಿಚಿ ಅವನಿಗೇ ಹಿಂದಿರುಗಿಸಿ, ಕಂಪ್ಯೂಟರ್ ತೆರೆದು, ಅಂದಿನ ಪಾಠಕ್ಕೆ ತೊಡಗಿದರು. ರಾತ್ರಿ ಕೋಣೆಯಲ್ಲಿ ಇವನಿಗೆ ಏನೋ ಅನ್ನಿಸಿ ಮೊಬೈಲನ್ನು ಆ ಕಾಗದದ ಮೇಲೆ ಹಿಡಿದ. ಈಗಿನ ಮೊಬೈಲುಗಳು ಅನುವಾದ ಮಾಡುತ್ತವಷ್ಟೆ. ನಡುವೆ ಒಂದು ಸಾಲು ಸಿಕ್ಕಿತು: ನಮ್ಮ ಕೆಲಸಗಳನ್ನು ಬೆಂಗಳೂರಿಗೆ ಸಾಗಿಸುವುದನ್ನು ನಿಲ್ಲಿಸಿ. “ಅದೊಂದು ಸಾಲು ಅವರು ಬಿಟ್ಟು ಓದಿದ್ದರು ಸಾರ್.” ಇವನೂ ಅದರ ಮಾತೆತ್ತಲಿಲ್ಲ.

ನಮ್ಮ ಊರಿನ ಹೆಸರು ಇಂಗ್ಲಿಷಿನಲ್ಲಿ ಕ್ರಿಯಾಪದವಾದದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಅಮೆರಿಕದಲ್ಲಿ ಒಬ್ಬನ ಕೆಲಸ ಇಲ್ಲಿಗೆ ಬಂದು ಅವನು ಮನೆಗೆ ಹೋದರೆ ಅವನು ‘ಬೆಂಗಳೂರಾದ’ ಎನ್ನುತ್ತಿದ್ದರು. ವ್ಯಾಕರಣದ ಮೇಷ್ಟ್ರಾದ ನನಗೆ ನಾಮಪದ ಕ್ರಿಯಾಪದವಾದರೆ ಸಂತೋಷವಾಗಬೇಕು, ಆಗುವುದಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ಇತಿಹಾಸದ ಮಿತ್ರರೊಬ್ಬರು, “ಇನ್ನೂರು ವರ್ಷ ಅವರು ನಮ್ಮ ನೇಕಾರನ ಅನ್ನ ಕಿತ್ತುಕೊಂಡರು. ಈಗ ನಮ್ಮ ಸರದಿ. ಇದರಲ್ಲಿ ಧರ್ಮಸೂಕ್ಷ್ಮವೇನು ಬಂತು?” ಎಂದರು. ಚರಿತ್ರೆಯ ಲೆಕ್ಕ ದೇಶ ದೇಶಗಳ ನಡುವೆ ಇದ್ದೀತು. ಆದರೆ ಅದನ್ನು 58 ವರ್ಷದ ಒಬ್ಬ ಗುಮಾಸ್ತನ ಖಾತೆಗೆ ಖರ್ಚು ಬರೆಯುವುದು ಯಾವ ಪುಸ್ತಕದ ಪದ್ಧತಿ? ಅವರ ಅಜ್ಜ ನಮ್ಮ ಮಗ್ಗ ಮುರಿದಿದ್ದನೆಂಬುದಕ್ಕೆ ಸಾಕ್ಷಿಯಿಲ್ಲ. ಅವರು ಇಂಗ್ಲೆಂಡಿನವರೂ ಅಲ್ಲ.

ಮಗ್ಗದ ಮಾತು ಬಂದದ್ದರಿಂದಲೇ ನನಗೆ ಬೇಕಾಗಿದ್ದ ಉದಾಹರಣೆ ನೆನಪಾಯಿತು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಸೆಪ್ಟೆಂಬರಿನ ಕೊನೆಯಲ್ಲಿ ಲಂಡನ್ನಿನಿಂದ ಲ್ಯಾಂಕಷೈರಿಗೆ ಪ್ರಯಾಣ ಮಾಡಿದರು. ಆ ಸೀಮೆಯ ಬಟ್ಟೆಯ ಗಿರಣಿಗಳು ನಿಂತಿದ್ದವು. ಡಾರ್ವೆನ್ ಮೊದಲಾದ ಊರುಗಳಲ್ಲಿ ಸಾವಿರಾರು ಜನರಿಗೆ ಕೆಲಸವಿರಲಿಲ್ಲ. ಭಾರತ ವಿದೇಶಿ ಬಟ್ಟೆಯನ್ನು ಬಹಿಷ್ಕರಿಸಿದ್ದೂ ಅದಕ್ಕೊಂದು ಕಾರಣ. ಎಂದರೆ, ಯಾರ ಚಳವಳಿಯಿಂದ ತಮ್ಮ ಒಲೆ ಆರಿತೆಂದು ಅವರು ತಿಳಿದಿದ್ದರೋ ಆ ಮನುಷ್ಯನೇ ಅವರ ಅತಿಥಿಯಾಗಿ ಬಂದು ಅವರ ನಡುವೆ ಉಳಿದ. ಆ ಸಾಲನ್ನು ಬಿಟ್ಟು ಓದಲು ಅದಕ್ಕಿಂತ ಒಳ್ಳೆಯ ನೆಪ ಬೇಕೆ? ಗಾಂಧೀಜಿ ಬಿಡಲಿಲ್ಲ. ನಿಮ್ಮ ಕಷ್ಟ ಕಂಡು ನನಗೆ ನೋವಾಗಿದೆ. ಆದರೆ ನಿಮ್ಮಲ್ಲಿ ಕೆಲಸವಿಲ್ಲದವರು 30 ಲಕ್ಷ, ನಮ್ಮಲ್ಲಿ ವರ್ಷದ ಅರ್ಧ ಭಾಗ ಕೆಲಸವಿಲ್ಲದವರು 30 ಕೋಟಿಗೆ ಹತ್ತಿರ. ಆದ್ದರಿಂದ ನಾನು ಚರಕವನ್ನು ಬಿಡಲಾರೆ, ಎಂಬ ಅರ್ಥದ ಮಾತನ್ನು ಎದುರೆದುರಿಗೇ ಹೇಳಿದರು. ಗಿರಣಿಯ ಹೆಂಗಸರು ಅವರನ್ನು ನಡುವೆ ನಿಲ್ಲಿಸಿಕೊಂಡು ಜಯಕಾರ ಮಾಡುತ್ತಿರುವ ಚಿತ್ರವನ್ನು ಅನೇಕರು ನೋಡಿರುತ್ತಾರೆ. ಆ ಚಿತ್ರದಲ್ಲಿ ಎಲ್ಲರೂ ಗಾಂಧೀಜಿಯ ನಗೆಯನ್ನು ನೋಡುತ್ತಾರೆ. ನನಗೆ ಆ ಹೆಂಗಸರು ದೊಡ್ಡವರೆನಿಸುತ್ತಾರೆ. ಕಹಿಯನ್ನು ಹೇಳುವವನಿಗೆ ಒಂದು ಧೈರ್ಯ ಸಾಕು. ಕೆಲಸ ಕಳೆದುಕೊಂಡು ನಿಂತು ಅದನ್ನು ಕೇಳಿಸಿಕೊಳ್ಳುವವರಿಗೆ ಎರಡು ಬೇಕು.

ಹೀಗೆ ನೋಡಿದರೆ ಗಡಿ ದಾಟುವ ಮೆರವಣಿಗೆಯ ನೈತಿಕ ಪ್ರಶ್ನೆ, ಪರದೇಶದವನಿಗೆ ಅಲ್ಲಿ ಬಂದು ಕೂಗುವ ಹಕ್ಕಿದೆಯೆ ಎಂಬುದಲ್ಲ. ಕಂಪನಿಯ ಹಣಕ್ಕೆ ಗಡಿ ದಾಟುವ ಹಕ್ಕಿದ್ದರೆ ಅದರಿಂದ ಪೆಟ್ಟು ತಿಂದವನಿಗೂ ಇರಲೇಬೇಕು. ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಪ್ರಶ್ನೆಯಿರುವುದು ಕರಪತ್ರದಲ್ಲಿ. ‘ವಿಶ್ವದ ದುಡಿಯುವವರೆಲ್ಲ ಒಂದೇ’ ಎಂದು ಬರೆಯುವುದು ಸುಲಭ. ಒಂದೇ ಆಗಿದ್ದರೆ ಮೆರವಣಿಗೆಯ ಅಗತ್ಯವೇ ಬೀಳುತ್ತಿರಲಿಲ್ಲ. ಬೆಲ್ಜಿಯಂನವನ ಕಾರ್ಖಾನೆ ಸ್ಪೇನಿನವನಿಗೆ ಹೋಗುತ್ತದೆ, ಜರ್ಮನಿಯವನ ಲೆಕ್ಕದ ಪುಸ್ತಕ ನಾಗವಾರಕ್ಕೆ ಬರುತ್ತದೆ, ಅವನ ಹಾಲಿನ ಪುಡಿ ನಮ್ಮ ಹಾಲಿನ ಕ್ಯಾನಿನೊಳಗೆ ಇಣುಕುತ್ತದೆ. ಈ ಹಿತಗಳು ಪರಸ್ಪರ ಹೊಡೆದಾಡುತ್ತವೆಂಬ ಸಾಲನ್ನು ಬಿಟ್ಟು ಓದಿದ ಮೆರವಣಿಗೆ, ಎಷ್ಟು ದೇಶಗಳನ್ನು ದಾಟಿದರೂ, ನಿಜವಾದ ಗಡಿಯನ್ನು ದಾಟಿರುವುದಿಲ್ಲ. ಒಬ್ಬ ವ್ಯಕ್ತಿ ಸೌಜನ್ಯಕ್ಕಾಗಿ ಆ ಸಾಲನ್ನು ಬಿಡಬಹುದು. ಆ ಹಿರಿಯರು ಬಿಟ್ಟದ್ದು ಅವರ ದೊಡ್ಡತನ. ಎದುರಿಗೆ ಕುಳಿತ ಹುಡುಗ ಕಂಪನಿಯಲ್ಲ ಎಂಬುದನ್ನು ಅವರು ಬಲ್ಲರು. ನಮ್ಮ ಪಕ್ಕದ ಹೋಬಳಿಯವರು ಉಂಡ ಮನೆಯಲ್ಲಿ ಕೇಳದೆ ಬಂದದ್ದು ಅವರ ಸಂಸ್ಕಾರ. ಆದರೆ ಅವರಿಬ್ಬರಿಗೂ ಭೂಷಣವಾದ ಮೌನ, ಮೆರವಣಿಗೆಯನ್ನು ಕಟ್ಟುವವನಿಗೆ ಸಲ್ಲದು. ಅವನು ಬಿಟ್ಟರೆ ಆ ಸಾಲನ್ನು ಇನ್ನಾರೋ ಎತ್ತಿಕೊಂಡು ಓದುತ್ತಾರೆ. ಓದುವಾಗ ‘ಕೆಲಸ’ ಎಂಬ ಕಡೆ ‘ಪರದೇಶಿಯವರು’ ಎಂಬ ಶಬ್ದ ಹಾಕಿಕೊಳ್ಳುತ್ತಾರೆ. ಯೂರೋಪಿನ ಈಚಿನ ಚುನಾವಣೆಗಳನ್ನು ಗಮನಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿಯೂ, ಬೆಂಗಳೂರಿಗೆ ದುಡಿಯಲು ಬಂದ ಬಿಹಾರಿಯನ್ನೋ ಒಡಿಯಾದವನನ್ನೋ ಕಂಡು ನಾವಾಡುವ ಮಾತುಗಳನ್ನು ಒಮ್ಮೆ ಕೇಳಿಸಿಕೊಂಡರಾಯಿತು.

ಹೊಡೆದಾಡುವ ಹಿತಗಳ ನಡುವೆ ಇಬ್ಬರೂ ನಿಲ್ಲಬಹುದಾದ ಜಾಗವೇನಾದರೂ ಇದೆಯೆ? ಆ ಕರಪತ್ರದಲ್ಲೇ ಇದ್ದ ಇನ್ನೊಂದು ಸಾಲು ನನಗೆ ಆ ದಿಕ್ಕನ್ನು ತೋರಿಸಿತು: ಕೆಲಸದ ಅವಧಿ ಇಳಿಯಲಿ. ಯೂರೋಪಿನ ನಿರುದ್ಯೋಗಿಗಳ ನಡಿಗೆಯಲ್ಲೂ ಇದು ಮುಖ್ಯ ಬೇಡಿಕೆಯಾಗಿತ್ತು. ಇರುವ ಕೆಲಸವನ್ನು ಹಂಚಿಕೊಳ್ಳೋಣ, ಹತ್ತು ಗಂಟೆ ದುಡಿಯುವವನ ಕೈಯಿಂದ ಎರಡು ಗಂಟೆ ತೆಗೆದು ಸುಮ್ಮನೆ ಕುಳಿತವನಿಗೆ ಕೊಡೋಣ ಎಂಬ ವಾದ. ಫ್ರಾನ್ಸ್ 1998ರಲ್ಲೂ 2000ದಲ್ಲೂ ಕಾನೂನು ಮಾಡಿ ವಾರಕ್ಕೆ 35 ಗಂಟೆಯೆಂದು ಗೊತ್ತುಮಾಡಿತು. ಅದರಿಂದ ಎಷ್ಟು ಜನರಿಗೆ ಕೆಲಸ ಸಿಕ್ಕಿತೆಂದು ಅರ್ಥಶಾಸ್ತ್ರಜ್ಞರು ಈಗಲೂ ಜಗಳವಾಡುತ್ತಾರೆ, ಆಡಲಿ. ಇತ್ತ ನಮ್ಮ ರಾಜ್ಯದಲ್ಲಿ 2024ರ ಜುಲೈಯಲ್ಲಿ ಐ.ಟಿ. ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೂ ಒಯ್ಯಬಹುದಾದ ಪ್ರಸ್ತಾಪ ಹೊರಬಿತ್ತು. ಕರ್ನಾಟಕ ರಾಜ್ಯ ಐ.ಟಿ. ನೌಕರರ ಸಂಘ ಅದನ್ನು ಪ್ರತಿಭಟಿಸಿತು. ಒಬ್ಬನಿಂದ ಇಬ್ಬರ ಕೆಲಸ ಮಾಡಿಸಿದರೆ ಮೂರನೆಯವನು ಎಲ್ಲಿದ್ದರೂ, ಜರ್ಮನಿಯಲ್ಲಿರಲಿ ರಾಜಾನುಕುಂಟೆಯಲ್ಲಿರಲಿ, ಬೀದಿಗೆ ಬೀಳುವವನೇ. ಈ ಒಂದು ಬೇಡಿಕೆಯ ಕೆಳಗೆ ನನ್ನ ವಿದ್ಯಾರ್ಥಿ ಆ ಶನಿವಾರ ನಾಚಿಕೆಯಿಲ್ಲದೆ ನಿಲ್ಲಬಹುದಿತ್ತು. ‘ಬೆಂಗಳೂರಿಗೆ ಕಳುಹಿಸಬೇಡಿ’ ಎಂಬ ಸಾಲಿನ ಕೆಳಗೆ ಅವನು ನಿಲ್ಲಲಾರ. ನಿಂತರೆ ಅದು ಸುಳ್ಳು. ಎರಡೂ ಸಾಲು ಒಂದೇ ಕಾಗದದಲ್ಲಿದ್ದವು. ಅವನಿಗೆ ತೊಡಕಾದದ್ದು ಅದಕ್ಕೇ.

ನನ್ನ ವರ್ಗದವರ ಬಗ್ಗೆಯೂ ಒಂದು ಮಾತು ಹೇಳಬೇಕು. ನಾವು ಮೆರವಣಿಗೆಯನ್ನು ಬಸ್ಸಿನ ಕಿಟಕಿಯಿಂದ ನೋಡುವವರು. 2021ರಲ್ಲಿ ಹೊರಡಿಸಿದ ಆಜ್ಞೆಯ ಮೇರೆಗೆ ನಗರದ ಪ್ರತಿಭಟನೆಗಳೆಲ್ಲ ಹಳೆಯ ಸೆಂಟ್ರಲ್ ಜೈಲಿನ ಜಾಗದ ಫ್ರೀಡಂ ಪಾರ್ಕಿನೊಳಗೇ ನಡೆಯಬೇಕೆಂದಾದಾಗ, ಇನ್ನು ಟ್ರಾಫಿಕ್ ನಿಲ್ಲುವುದಿಲ್ಲವೆಂದು ನಾನೂ ಒಳಗೊಳಗೆ ಸಂತೋಷಪಟ್ಟೆ. ಟ್ರಾಫಿಕ್ ಹಾಗೇ ನಿಂತಿದೆ. ಮೆರವಣಿಗೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಸ್ಥಾವರ, ಜಂಗಮ ಎಂಬ ಮಾತುಗಳನ್ನು ತರಗತಿಯಲ್ಲಿ ಮೂರು ದಿನ ವಿವರಿಸುವ ನನಗೆ, ನಡೆಯುವುದನ್ನು ನಿಲ್ಲಿಸಿ ಕೂರಿಸಿದಾಗ ಏನು ಕಳೆದುಹೋಗುತ್ತದೆಂಬುದು ಅಂದು ಹೊಳೆಯಲಿಲ್ಲ. ನಮ್ಮ ಊರಿಗೆ ಅಷ್ಟು ದೂರವಲ್ಲದ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಬಿಡಲಾರೆವೆಂದು ರೈತರು 2022ರ ಏಪ್ರಿಲಿನಿಂದ ಕುಳಿತರು. 2025ರ ಜುಲೈ 15ರಂದು ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಹೇಳುವವರೆಗೆ ಮೂರು ವರ್ಷಗಳಿಗೂ ಮಿಕ್ಕಿ. ವಿಮಾನದ ಬಿಡಿಭಾಗಗಳ ಕಾರ್ಖಾನೆಗಳು ಬಂದರೆ ಕೆಲಸ ಸಿಗುತ್ತಿತ್ತಲ್ಲ ಎಂದು ನನ್ನ ತರಗತಿಯ ಹುಡುಗನೊಬ್ಬ ಕೇಳಿದ. ಅವನಿಗೂ ಕೆಲಸ ಬೇಕು. ಅವನ ಸಾಲನ್ನೂ ಯಾರಾದರೂ ಓದಬೇಕಷ್ಟೆ.

ಆ ಭಾನುವಾರ ಗೇಟಿನವರೆಗೆ ಹೋಗಿ ಬೀಳ್ಕೊಡುವಾಗ ನನ್ನ ವಿದ್ಯಾರ್ಥಿಗೆ, “ಊರಿಗೆ ಹೊರಡುವ ಮುಂಚೆ ಆ ಸಾಲನ್ನು ಅವರ ಮುಂದಿಟ್ಟು ಕೇಳಬಹುದಿತ್ತು ಕಣಪ್ಪ” ಎಂದೆ.

“ಕೇಳಿದ್ದರೆ ಏನಂತ ಹೇಳ್ತಿದ್ದರು ಸಾರ್?”

“ಅದು ನನಗೇನು ಗೊತ್ತು?”

ಅವನು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ನಿಂತ. ಅವರಿಗೂ ಲಗ್ನಪತ್ರಿಕೆ ಕಳುಹಿಸಿದ್ದಾನಂತೆ. ಉತ್ತರ ಬಂದಿದೆ: ಈಗ ಸಮಯ ಬೇಕಾದಷ್ಟಿದೆ, ಟಿಕೆಟ್ಟಿನ ದರ ನೋಡುತ್ತಿದ್ದೇನೆ ಎಂದು. ಬಂದರೆ ಒಂದು ದಿನ ನಮ್ಮ ಮನೆಗೂ ಕರೆದುಕೊಂಡು ಬಾ ಎಂದು ಹೇಳಿದ್ದೇನೆ. ಸಹಕಾರನಗರದಲ್ಲಿ ಇನ್ನೂ ನಾಲ್ಕು ಮನೆಗಳಿಗೆ ಪತ್ರಿಕೆ ಕೊಡುವುದಿತ್ತು, ಅವನು ಹೊರಟ.